ಓದುಗರ ಪ್ರಶ್ನೆ, ನಮ್ಮ ಉತ್ತರ: ಶಾಲೆಗಾಗಿ ಮಕ್ಕಳ ಓಟ

ಗ್ರಂಥಾಲಯಕ್ಕೆ ಪುಸ್ತಕ, ಆಟದ ಸಾಮಾನು, ಯಾವುದೋ ಆಸ್ಪತ್ರೆಗೆ ನೆರವು ಹೀಗೆ ಕಾರಣ ಯಾವುದೇ ಇರಲಿ, ಶಾಲೆಗಳು ಓಟದಿಂದ ಹಣ ಕೂಡಿಸುವ ವಿಧಾನ ಒಂದೇ. ಒಂದು ದಿನ ಮಕ್ಕಳು ಮೈದಾನದಲ್ಲಿ ಸುತ್ತು ಹೊಡೆಯುತ್ತಾರೆ. ಬಂಧುಗಳು, ಪರಿಚಯದವರು ಸುತ್ತಿನ ಲೆಕ್ಕದಲ್ಲೋ ಇಡಿಗಂಟಾಗಿಯೋ ದೇಣಿಗೆ ಕೊಡುತ್ತಾರೆ. ಈ ಓಟದ ಬಗ್ಗೆ ಪೋಷಕರು, ಶಿಕ್ಷಕರು ಮತ್ತು ಒಬ್ಬ ವಿದ್ಯಾರ್ಥಿನಿ ಬರೆದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಮಗಳು ಶಾಲೆಯಿಂದ ದೇಣಿಗೆ ಫಾರಂ ತಂದಿದ್ದಾಳೆ. ‘ಸುತ್ತಿಗೆ ಇಷ್ಟು’ ಎಂದು ಒಂದು ಕಾಲಂ, ‘ಒಟ್ಟು ಇಷ್ಟು’ ಎಂದು ಇನ್ನೊಂದು. ಯಾವುದನ್ನು ತುಂಬಲಿ?
– ಮೂರನೇ ತರಗತಿ ಬಾಲಕಿಯ ತಂದೆ

ಪೆನ್ನು ಹಿಡಿಯುವ ಮೊದಲು ಶಾಲೆಯನ್ನು ಎರಡು ಮಾತು ಕೇಳಿ: ಒಂದು ಸುತ್ತು ಎಷ್ಟು ಮೀಟರು? ಓಟ ಎಷ್ಟು ನಿಮಿಷ? ಇವೆರಡು ಗೊತ್ತಿಲ್ಲದೆ ‘ಸುತ್ತಿಗೆ 10’ ಎಂದು ಬರೆದವರು ಆಮೇಲೆ ಪೇಚಿಗೆ ಸಿಲುಕುತ್ತಾರೆ. ಸುತ್ತು 400 ಮೀಟರಿನದಾದರೆ, ನಡುನಡುವೆ ನಡೆಯುತ್ತ ಓಡುವ ಮಗು ಅರ್ಧ ಗಂಟೆಯಲ್ಲಿ ಏಳೆಂಟು ಸುತ್ತು ಮುಗಿಸಬಹುದು. ಅದೇ ಮಗು 100 ಮೀಟರಿನ ಸುತ್ತಿನಲ್ಲಿ ಮೂವತ್ತು ದಾಟುತ್ತದೆ. ಓಡಿದ ದೂರ ಅಷ್ಟೇ, ನೀವು ಕೊಡಬೇಕಾದದ್ದು ಮಾತ್ರ ನಾಲ್ಕು ಪಟ್ಟು. ಎಪ್ಪತ್ತು ಎಂಬತ್ತು ಕೊಟ್ಟರಾಯಿತು ಎಂದುಕೊಂಡ ಅಜ್ಜಿ ಮುನ್ನೂರು ತೆರಬೇಕಾಗುತ್ತದೆ, ಇಲ್ಲವೇ ಮೊಮ್ಮಗಳ ಎದುರು ಚೌಕಾಸಿ ಮಾಡಬೇಕಾಗುತ್ತದೆ. ಎರಡೂ ಮುಜುಗರವೇ.

ಸುತ್ತಿನ ಲೆಕ್ಕದಲ್ಲೇ ಕೊಡುವ ಆಸೆಯಿದ್ದರೆ ಅದರ ಪಕ್ಕದಲ್ಲಿ ‘ಗರಿಷ್ಠ ಇಷ್ಟು’ ಎಂದು ಒಂದು ಮಿತಿ ಬರೆಯಿರಿ. ಫಾರಂನಲ್ಲಿ ಅದಕ್ಕೆ ಜಾಗವಿಲ್ಲದಿದ್ದರೂ ಅಂಚಿನಲ್ಲಿ ಬರೆದು ಸಹಿ ಹಾಕಬಹುದು.

ನಮ್ಮನ್ನು ಕೇಳಿದರೆ ಇಡಿಗಂಟೇ ಮೇಲು. ಅದಕ್ಕೆ ಕಾರಣ ಲೆಕ್ಕದ ಅನುಕೂಲವೊಂದೇ ಅಲ್ಲ. ‘ಇನ್ನೊಂದು ಸುತ್ತು ಓಡಿದರೆ ಶಾಲೆಗೆ ಇನ್ನಷ್ಟು ಹಣ’ ಎಂಬ ಮಾತು ಎಂಟು ವರ್ಷದ ಮಗುವಿನ ತಲೆಯಲ್ಲಿ ಕೂತರೆ, ತಲೆ ಸುತ್ತಿದರೂ ಕಾಲು ನೋವಾದರೂ ಅದು ನಿಲ್ಲುವುದಿಲ್ಲ. ಇಡಿಗಂಟಿನಲ್ಲಿ ಆ ಒತ್ತಡವಿಲ್ಲ. ಹಣವೂ ಓಟಕ್ಕೆ ಮೊದಲೇ ಕೈಸೇರುವುದರಿಂದ ವಸೂಲಿಗಾಗಿ ಮಗು ಮತ್ತೆ ಮನೆಮನೆ ಅಲೆಯಬೇಕಾಗಿಲ್ಲ.

320 ಮಕ್ಕಳು, 100 ಮೀ. ಉದ್ದ 45 ಮೀ. ಅಗಲದ ಮೈದಾನ. ಓಟದ ದಾರಿ ಹೇಗೆ ಹಾಕುವುದು? ಹೋದ ಸಲ ಸುತ್ತು ಎಣಿಸುವ ಜಾಗದಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು.
– ದೈಹಿಕ ಶಿಕ್ಷಣ ಶಿಕ್ಷಕರು

ನಿಮ್ಮ ಮೈದಾನದಲ್ಲಿ 200 ಮೀಟರಿನ ಸುತ್ತು ಆರಾಮವಾಗಿ ಹಿಡಿಯುತ್ತದೆ. ಮೈದಾನದ ನಡುಗೆರೆಯ ಮೇಲೆ 60 ಮೀ. ಅಂತರದಲ್ಲಿ ಎರಡು ಗೂಟ ಹೊಡೆಯಿರಿ. ಪ್ರತಿ ಗೂಟಕ್ಕೆ 12.75 ಮೀ. ಹಗ್ಗ ಕಟ್ಟಿ, ಹೊರಮುಖವಾಗಿ ಅರ್ಧ ವೃತ್ತ ಎಳೆಯಿರಿ. ಎರಡು ಅರ್ಧ ವೃತ್ತ ಸೇರಿ ಸುಮಾರು 80 ಮೀ., ಎರಡು ನೇರ ದಾರಿ ಸೇರಿ 120 ಮೀ. ಒಟ್ಟು 200. ಇದು ಮಗುವಿನ ಕಾಲು ಬೀಳುವ ಗೆರೆ. ಕೋನ್‌ಗಳನ್ನು ಇದರ ಮೇಲೇ ಇಡಬೇಡಿ, 30 ಸೆಂ.ಮೀ. ಒಳಕ್ಕೆ ಇಡಿ. ಯಾರೂ ಕೋನ್‌ಗೆ ಕಾಲು ತಾಗಿಸಿಕೊಂಡು ಓಡುವುದಿಲ್ಲವಲ್ಲ. ತಿರುವಿನಲ್ಲಿ 3 ಮೀಟರಿಗೊಂದು, ನೇರದಲ್ಲಿ 8–10 ಮೀಟರಿಗೊಂದು ಕೋನ್ ಸಾಕು. ತಿರುವಿನಲ್ಲಿ ಕೋನ್ ವಿರಳವಾದರೆ ಮಕ್ಕಳು ಒಳಗಿನಿಂದ ಅಡ್ಡ ಹಾಯುತ್ತಾರೆ, ಒಬ್ಬ ಹಾಯ್ದರೆ ಇಡೀ ಬ್ಯಾಚು ಹಿಂದೆಯೇ.

ದಾರಿಯ ಅಗಲ 4 ಮೀ. ಇರಲಿ. ಹೊರ ಅಂಚು ಸೇರಿಸಿದರೂ ಸುಮಾರು 94 ಮೀ. ಉದ್ದ, 34 ಮೀ. ಅಗಲದೊಳಗೆ ಎಲ್ಲ ಮುಗಿಯುತ್ತದೆ. ನೋಡುವವರಿಗೆ, ನೀರಿನ ಮೇಜಿಗೆ ಪಕ್ಕದಲ್ಲಿ ಜಾಗ ಉಳಿಯುತ್ತದೆ. ಅಳತೆಗೆ 50 ಮೀಟರಿನ ಟೇಪೇ ಬೇಕು. ಮೊಬೈಲಿನ ಜಿಪಿಎಸ್ ಇಷ್ಟು ಚಿಕ್ಕ ಸುತ್ತಿನಲ್ಲಿ ಹಲವು ಮೀಟರು ತಪ್ಪಿಸುತ್ತದೆ. ಹೊರ ಅಂಚಿನಲ್ಲಿ ಓಡುವ ಮಗು ಪ್ರತಿ ಸುತ್ತಿಗೆ ಸುಮಾರು 25 ಮೀ. ಹೆಚ್ಚು ಓಡುತ್ತದೆ ಎಂಬುದೂ ತಿಳಿದಿರಲಿ. ಆದ್ದರಿಂದ ‘ಹೆಚ್ಚು ಸುತ್ತಿನವರಿಗೆ ಮೊದಲ ಸ್ಥಾನ’ ಎಂಬ ಲೆಕ್ಕಕ್ಕೆ ಅರ್ಥವೇ ಇಲ್ಲ.

320 ಮಕ್ಕಳನ್ನು 64ರಂತೆ ಐದು ಬ್ಯಾಚು ಮಾಡಿ. ಬ್ಯಾಚಿಗೆ 45 ನಿಮಿಷ: ಮೈ ಬಿಸಿ ಮಾಡಲು ಐದು, ಓಟಕ್ಕೆ ದೊಡ್ಡವರಿಗಾದರೆ 30, ಉಳಿದದ್ದು ಎಣಿಕೆ ಬರೆದು ಮೈದಾನ ಖಾಲಿ ಮಾಡಲು. ಚಿಕ್ಕ ತರಗತಿಗಳಿಗೆ ಓಟ 20 ನಿಮಿಷ ಸಾಕು, ಅವರನ್ನು ಬೆಳಗಿನ ಮೊದಲ ಸರದಿಗೆ ಹಾಕಿ. ಒಂದನೇ ತರಗತಿಯವರನ್ನೂ ಏಳನೆಯವರನ್ನೂ ಒಂದೇ ಬ್ಯಾಚಿನಲ್ಲಿ ಬಿಡಬೇಡಿ. ಓಟದಲ್ಲಾಗುವ ಡಿಕ್ಕಿಗಳಿಗೆ ವೇಗದ ಅಂತರವೇ ದೊಡ್ಡ ಕಾರಣ. ಶುರುವಿನಲ್ಲಿ 64 ಮಕ್ಕಳನ್ನೂ ಒಟ್ಟಿಗೆ ಬಿಟ್ಟರೆ ಮೊದಲ ತಿರುವಿನಲ್ಲೇ ಬೀಳುತ್ತಾರೆ. ಹದಿನಾರರಂತೆ ನಾಲ್ಕು ಗುಂಪು, ಗುಂಪಿನ ನಡುವೆ 20 ಸೆಕೆಂಡು. ಎಲ್ಲರಿಗೂ ಮುಗಿಯುವ ಸೀಟಿ ಮಾತ್ರ ಒಂದೇ. ಕೊನೆಯ ಗುಂಪಿಗೆ ಒಂದು ನಿಮಿಷ ಕಡಿಮೆಯಾಯಿತು ಎಂದು ಯಾವ ಮಗುವೂ ದೂರುವುದಿಲ್ಲ, ಪೋಷಕರು ದೂರಿದರೆ ಮೇಲಿನ 25 ಮೀಟರಿನ ಲೆಕ್ಕ ತೋರಿಸಿ.

ಇನ್ನು ಎಣಿಕೆ. ಮಕ್ಕಳು ಬಿದ್ದದ್ದು ಗುರುತು ಹಾಕಿಸಿಕೊಳ್ಳಲು ಗೆರೆಯ ಮೇಲೇ ನಿಂತದ್ದರಿಂದ. ಎಣಿಕೆಗೆ ಒಂದು ಗೆರೆ ಸಾಲದು, 10 ಮೀ. ಉದ್ದದ ಪಟ್ಟಿ ಬೇಕು. ಅದು ನೇರ ದಾರಿಯ ಮಧ್ಯದಲ್ಲಿರಲಿ, ತಿರುವು ಮುಗಿದ ಕೂಡಲೇ ಬೇಡ. ಅಲ್ಲಿ ದಾರಿಯನ್ನು ಹೊರಕ್ಕೆ 6 ಮೀಟರಿಗೆ ಅಗಲ ಮಾಡಿ, ಹಗ್ಗ ಅಥವಾ ಸುಣ್ಣದ ಗೆರೆಯಿಂದ ಮೂರು ಓಣಿ ಮಾಡಿ, ಪ್ರತಿ ಓಣಿಗೆ ಒಂದು ಬಣ್ಣ. ಮಕ್ಕಳ ಎದೆಗೆ ಅದೇ ಬಣ್ಣದ ಪಟ್ಟಿ. ಹನ್ನೆರಡು ಮಕ್ಕಳಿಗೆ ಒಬ್ಬರಂತೆ ಆರು ಜನ ಎಣಿಸುವವರು, ಓಣಿಗೆ ಇಬ್ಬರು, ಒಬ್ಬರ ಪಕ್ಕ ಇನ್ನೊಬ್ಬರಲ್ಲದೆ ನಾಲ್ಕೈದು ಮೀಟರು ಹಿಂದೆ ಮುಂದೆ. ಮಗು ನಿಲ್ಲಬಾರದು, ವೇಗ ತಗ್ಗಿಸಿ ಹಾದುಹೋಗಬೇಕು. ಎಣಿಸುವವರು ಬೇರೆ ಏನನ್ನೂ ಮಾಡಬಾರದು, ಫೋಟೊ ತೆಗೆಯುವುದಂತೂ ಬೇಡವೇ ಬೇಡ.

ಗುರುತಿಗೆ ಮೂರು ದಾರಿ. ಬೆನ್ನಿಗೆ ಕಟ್ಟಿದ ಚೌಕಗಳ ಹಾಳೆಯ ಮೇಲೆ ಮಾರ್ಕರ್‌ನಿಂದ ಗೀಟು ಹಾಕುವುದು ಅಗ್ಗ, ಆದರೆ ಕಾಗದವಾದರೆ ಬೆವರಿಗೆ ಹರಿಯುತ್ತದೆ, ನೀರಿನ ಇಂಕಾದರೆ ಅಳಿಸಿಹೋಗುತ್ತದೆ, ಅಳಿಸದ ಇಂಕಾದರೆ ಬಟ್ಟೆಗೆ ಇಳಿದು ಮನೆಯವರ ಬೈಗುಳ ತರುತ್ತದೆ. ಬಟ್ಟೆಯ ತುಂಡು, ಅದರ ಹಿಂದೆ ತೆಳು ಪ್ಲಾಸ್ಟಿಕ್ ಹಾಳೆ, ನಾಲ್ಕು ಮೂಲೆಗೂ ಪಿನ್ನು ಹಾಕಿದರೆ ನಿಲ್ಲುತ್ತದೆ. ಎರಡನೆಯದು ರಬ್ಬರ್ ಬ್ಯಾಂಡ್: ಪ್ರತಿ ಸುತ್ತಿಗೆ ಒಂದು, ಮಗುವೇ ತೆಗೆದುಕೊಂಡು ಮಣಿಕಟ್ಟಿಗೆ ಹಾಕಿಕೊಳ್ಳುತ್ತದೆ. ಹತ್ತು ದಾಟಿದರೆ ಕೈ ಬಿಗಿಯುತ್ತದೆ, ಆದ್ದರಿಂದ ಐದು ಸಾದಾ ಬ್ಯಾಂಡಿಗೆ ಬದಲಾಗಿ ಒಂದು ಕೆಂಪು ಕೊಡಿ. 64 ಮಕ್ಕಳು ತಲಾ 15 ಸುತ್ತು ಓಡಿದರೂ 960 ಆಗುತ್ತದೆ, ಸಾವಿರದಷ್ಟು ಕೈಯಲ್ಲಿರಲಿ. ಎಣಿಕೆ ಬರೆದುಕೊಂಡ ಮೇಲೆ ಬಿಚ್ಚಿಸಿ ಮುಂದಿನ ಬ್ಯಾಚಿಗೆ ಬಳಸಿ. ಬರೆಯುವ ಮೊದಲು ಬಿಚ್ಚಿಸಿದರೆ ಮುಗಿಯಿತು ಕಥೆ. ಮೂರನೆಯದು ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು: ಮಗು ಒಂದು ಕಡ್ಡಿ ಪಡೆದು, ಹತ್ತು ಹೆಜ್ಜೆ ಮುಂದಿರುವ ತನ್ನ ತರಗತಿಯ ಬಕೆಟ್ಟಿಗೆ ಹಾಕುತ್ತದೆ. ಇಲ್ಲಿ ಯಾವ ಮಗು ಎಷ್ಟು ಓಡಿತು ಎಂಬುದು ಯಾರಿಗೂ ತಿಳಿಯುವುದಿಲ್ಲ, ತರಗತಿಯ ಒಟ್ಟು ಮಾತ್ರ ಸಿಗುತ್ತದೆ. ದೇಣಿಗೆ ಇಡಿಗಂಟಾಗಿದ್ದರೆ ಇಷ್ಟು ಸಾಕಲ್ಲ?

ವಾರದ ಮೊದಲು ಇಪ್ಪತ್ತು ಮಕ್ಕಳನ್ನು ಕರೆದು ಐದು ನಿಮಿಷ ಓಡಿಸಿ ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಎರಡನೇ ಸುತ್ತಿನಲ್ಲೇ ಕಾಣುತ್ತದೆ.

ನನಗೆ ಹನ್ನೊಂದು ವರ್ಷ. ಓಡುವಾಗ ಎರಡನೇ ಸುತ್ತಿಗೇ ಪಕ್ಕೆ ಹಿಡಿಯುತ್ತದೆ. ಓಟಕ್ಕೆ ಇನ್ನೂ ಒಂದು ತಿಂಗಳಿದೆ. ಏನು ಮಾಡಲಿ?
– ಆರನೇ ತರಗತಿ ವಿದ್ಯಾರ್ಥಿನಿ

ಒಂದು ತಿಂಗಳು ಧಾರಾಳವಾಯಿತು. ಪಕ್ಕೆ ಹಿಡಿಯುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ ಸಿಗುತ್ತವೆ: ಹೊಟ್ಟೆ ತುಂಬಿರುವಾಗ ಓಡುವುದು, ಅಥವಾ ಶುರುವಿನಲ್ಲೇ ಜೋರು ಹೊಡೆಯುವುದು. ಊಟವಾಗಿ ಎರಡು ಗಂಟೆ ಕಳೆದ ಮೇಲೆ ಓಡು. ಓಟಕ್ಕೆ ಸ್ವಲ್ಪ ಮೊದಲು ಸಿಹಿ ಪಾನೀಯವನ್ನು ಗಟಗಟ ಕುಡಿಯಬೇಡ. ಮೊದಲ ಎರಡು ಸುತ್ತು, ಪಕ್ಕದಲ್ಲಿ ಓಡುವ ಗೆಳತಿಯ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ನಿಧಾನ ಇರಲಿ. ಒಂದೊಂದೇ ಪದ ಹೊರಡುತ್ತಿದ್ದರೆ ವೇಗ ಹೆಚ್ಚಾಯಿತು ಎಂದು ಲೆಕ್ಕ. ಎಲ್ಲರೂ ನಿನ್ನನ್ನು ಹಿಂದೆ ಹಾಕಿ ಹೋಗುತ್ತಾರೆ, ಹೋಗಲಿ ಬಿಡು. ಅವರಲ್ಲಿ ಅರ್ಧ ಜನ ನಾಲ್ಕನೇ ಸುತ್ತಿನಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿರುತ್ತಾರೆ.

ಹಿಡಿದೇಬಿಟ್ಟರೆ ನಡಿಗೆಗೆ ಇಳಿ, ನೋಯುವ ಜಾಗವನ್ನು ಬೆರಳಿನಿಂದ ಒತ್ತು, ಸ್ವಲ್ಪ ಮುಂದೆ ಬಾಗಿ ಉಸಿರನ್ನು ನಿಧಾನವಾಗಿ ಪೂರ್ತಿ ಹೊರಬಿಡು. ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಬಿಡುತ್ತದೆ. ನೋವು ಎದೆಯಲ್ಲಿದ್ದರೆ, ಇಲ್ಲವೇ ಕಣ್ಣು ಕತ್ತಲೆ ಬಂದರೆ ಅದು ಪಕ್ಕೆ ಹಿಡಿದದ್ದಲ್ಲ. ಕೂಡಲೇ ನಿಲ್ಲು, ಹತ್ತಿರದ ದೊಡ್ಡವರಿಗೆ ಹೇಳು.

ಅಭ್ಯಾಸಕ್ಕೆ ವಾರದಲ್ಲಿ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು. ಮೊದಲ ವಾರ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಎಂಟು ಸಲ. ಎರಡನೇ ವಾರ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಆರು ಸಲ. ಮೂರನೆಯದರಲ್ಲಿ ಮೂರು ನಿಮಿಷ ಓಟಕ್ಕೆ ಒಂದು ನಿಮಿಷ ನಡಿಗೆ, ಐದು ಸಲ. ನಾಲ್ಕನೆಯದರಲ್ಲಿ ಐದಕ್ಕೆ ಒಂದು, ನಾಲ್ಕು ಸಲ. ಓಟಕ್ಕೆ ಮುಂಚಿನ ಎರಡು ದಿನ ಬರೀ ಆಟ. ಹಿಮ್ಮಡಿ ನೋಯತೊಡಗಿದರೆ ಮನೆಯಲ್ಲಿ ಹೇಳದೆ ಮುಚ್ಚಿಡಬೇಡ. ನಿನ್ನ ವಯಸ್ಸಿನಲ್ಲಿ ಹಿಮ್ಮಡಿಯ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಓಟ ಒಮ್ಮೆಲೇ ಹೆಚ್ಚಿಸಿದರೆ ಅಲ್ಲಿ ನೋವು ಬರುವುದು ಸಾಮಾನ್ಯ. ಕೆಲವು ದಿನ ಓಟ ಬಿಟ್ಟರೆ ಇಳಿಯುತ್ತದೆ. ಕುಂಟುವಷ್ಟು ನೋವಿದ್ದರೆ ವೈದ್ಯರಿಗೆ ತೋರಿಸಬೇಕು.

ಮಗನಿಗೆ ಎಂಟು ವರ್ಷ, ಆಸ್ತಮಾ ಇದೆ. ಓಡಬೇಕೆಂದು ಹಟ. ಕಳಿಸಬಹುದೇ?
– ಒಬ್ಬ ತಾಯಿ

ಆಸ್ತಮಾ ಹತೋಟಿಯಲ್ಲಿದ್ದರೆ ಕಳಿಸಬಹುದು, ಕಳಿಸಬೇಕು ಕೂಡ. ಹತೋಟಿಯಲ್ಲಿದೆಯೇ ಎಂದು ತಿಳಿಯಲು ಈಚಿನ ವಾರಗಳನ್ನು ನೆನೆಸಿಕೊಳ್ಳಿ. ರಾತ್ರಿ ಕೆಮ್ಮಿ ಎದ್ದದ್ದುಂಟೇ? ಉಸಿರು ಸಡಿಲಿಸುವ ಇನ್ಹೇಲರ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಯಿತೇ? ಆಟದಿಂದ ಅರ್ಧಕ್ಕೆ ಬಂದು ಕೂರುತ್ತಾನೆಯೇ? ಒಂದಕ್ಕೆ ಹೌದು ಎಂದಾದರೂ ಓಟಕ್ಕೆ ಮೊದಲು ವೈದ್ಯರನ್ನು ಕಾಣಿ, ದಿನನಿತ್ಯದ ಔಷಧಿಯನ್ನೇ ಸರಿಪಡಿಸಬೇಕಾಗಬಹುದು. ಓಟದ ದಿನ ಶೀತ, ಜ್ವರ, ಸುಂಯ್‌ಗುಟ್ಟುವ ಉಸಿರು ಇದ್ದರೆ ಮಾತೇ ಇಲ್ಲ, ಮನೆಯಲ್ಲಿರಲಿ.

ಓಟಕ್ಕೆ ಮೊದಲು ಇನ್ಹೇಲರ್ ಎಳೆಯಬೇಕೆಂದು ವೈದ್ಯರು ಹೇಳಿದ್ದರೆ ಸಾಮಾನ್ಯವಾಗಿ ಅದು 10–15 ನಿಮಿಷ ಮುಂಚೆ. ಆಮೇಲೆ ಹತ್ತು ನಿಮಿಷ ನಡಿಗೆ, ಮೆಲ್ಲನೆ ಓಟ, ಮತ್ತೆ ನಡಿಗೆ. ಮೈ ಬಿಸಿಯಾಗದೆ ಒಮ್ಮೆಲೇ ಓಡಿದರೆ ಉಸಿರ್ನಾಳ ಬಿಗಿಯುವ ಸಂಭವ ಹೆಚ್ಚು. ತಣ್ಣನೆಯ ಒಣ ಗಾಳಿ, ಧೂಳು, ಹೊಗೆ ಕೂಡ ಅದನ್ನು ಕೆರಳಿಸುತ್ತವೆ. ಧೂಳೇಳುವ ಮೈದಾನವಾದರೆ ಹಿಂದಿನ ಸಂಜೆ ನೀರು ಚಿಮುಕಿಸಲು ಶಾಲೆಗೆ ಹೇಳಿ. ಬಿಗಿತ ಓಟದ ನಡುವೆ ಮಾತ್ರವಲ್ಲ, ನಿಲ್ಲಿಸಿದ ಐದು ಹತ್ತು ನಿಮಿಷಕ್ಕೂ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಓಟ ಮುಗಿಯಿತೆಂದು ಕೂಡಲೇ ಗುಂಪಿನಲ್ಲಿ ಬಿಟ್ಟುಬಿಡಬಾರದು.

ಇನ್ಹೇಲರ್ ಮತ್ತು ಅದಕ್ಕೆ ಜೋಡಿಸುವ ಕೊಳವೆ, ಅಂದರೆ ಸ್ಪೇಸರ್, ಮೈದಾನದಲ್ಲಿರಬೇಕು, ತರಗತಿಯ ಚೀಲದಲ್ಲಲ್ಲ. ಹೆಸರು ಬರೆದ ಚೀಟಿ ಅಂಟಿಸಿ, ಯಾರ ಕೈಯಲ್ಲಿರುತ್ತದೆ ಎಂದು ಮಗನಿಗೂ ತೋರಿಸಿ. ಡಬ್ಬಿಯ ಅವಧಿ ಮುಗಿದಿದೆಯೇ, ಒಳಗೆ ಔಷಧಿ ಉಳಿದಿದೆಯೇ ಎಂದು ಹಿಂದಿನ ದಿನವೇ ನೋಡಿ. ಉಸಿರು ಕಟ್ಟಿದರೆ ಮಲಗಿಸಬಾರದು, ನೆಟ್ಟಗೆ ಕೂರಿಸಬೇಕು. ವೈದ್ಯರು ಬರೆದುಕೊಟ್ಟ ಕ್ರಮದ ಒಂದು ಪ್ರತಿ ಶಿಕ್ಷಕರ ಬಳಿ ಇರಲಿ. ಮಾತಾಡಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಔಷಧಿ ಕೊಟ್ಟರೂ ಇಳಿಯದಿರುವುದು ಕಂಡರೆ ಆಂಬುಲೆನ್ಸ್ ಕರೆಯುವುದನ್ನು ಒಂದು ಕ್ಷಣವೂ ಮುಂದೂಡಬಾರದು.

ಓಟಕ್ಕೆಂದು ಹೊಸ ಶೂ ಕೊಡಿಸಬೇಕೇ?
– ಒಬ್ಬ ಪೋಷಕರು

ಹಳೆಯದು ಅಳತೆಗೆ ಸರಿಯಿದ್ದರೆ ಬೇಡ. ಓಟದ ದಿನವೇ ಹೊಸ ಶೂ ಹಾಕಿಸುವುದಂತೂ ಬೊಬ್ಬೆಗೆ ನೇರ ಆಹ್ವಾನ. ಕೊಳ್ಳಲೇಬೇಕಿದ್ದರೆ ಎರಡು ವಾರ ಮೊದಲು ಕೊಂಡು ರೂಢಿಯಾಗಲು ಬಿಡಿ. ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಸೆಂ.ಮೀ. ಜಾಗ ಇರಬೇಕು. ಸಾಕ್ಸ್ ಒಣಗಿರಲಿ, ಹೊಲಿಗೆ ಒತ್ತದಿರಲಿ. ಲೇಸಿಗೆ ಎರಡು ಗಂಟು ಹಾಕಿ ತುದಿಯನ್ನು ಒಳಕ್ಕೆ ಸಿಕ್ಕಿಸಿ. ಬಿಚ್ಚಿಕೊಂಡ ಲೇಸು ಕಟ್ಟಲು ಮಗು ದಾರಿಯ ನಡುವೆ ಕೂತುಬಿಡುತ್ತದೆ, ಹಿಂದಿನಿಂದ ಬಂದವರು ಎಡವುತ್ತಾರೆ. ಲೇಸು ಬಿಚ್ಚಿದರೆ ಹೊರ ಅಂಚಿಗೆ ಹೋಗಿ ಕಟ್ಟಬೇಕೆಂದು ಮೊದಲೇ ಹೇಳಿಕೊಡಿ.

ಹೆಚ್ಚು ಹಣ ತಂದವರಿಗೆ ಬಹುಮಾನ ಇಟ್ಟರೆ ಸಂಗ್ರಹ ಹೆಚ್ಚುತ್ತದೆ ಎನ್ನುತ್ತಾರೆ ಸಮಿತಿಯ ಕೆಲವರು. ಸರಿಯೇ?
– ಪೋಷಕರ ಸಮಿತಿಯ ಸದಸ್ಯೆ

ಹಣ ಸ್ವಲ್ಪ ಹೆಚ್ಚಬಹುದು. ಆದರೆ ಆ ಬಹುಮಾನ ಗೆಲ್ಲುವುದು ಮಗುವಲ್ಲ, ಮಗುವಿನ ಚಿಕ್ಕಪ್ಪ ದೊಡ್ಡಪ್ಪಂದಿರ ಜೇಬು. ಹದಿನೈದು ಸುತ್ತು ಓಡಿ ಒಂದೂ ದೇಣಿಗೆ ತರಲಾಗದ ಮಗು, ಮೂರು ಸುತ್ತು ನಡೆದು ದೊಡ್ಡ ಪೆಟ್ಟಿಗೆ ಹೊತ್ತುಕೊಂಡು ಹೋಗುವವನನ್ನು ನೋಡುತ್ತ ನಿಲ್ಲುತ್ತದೆ. ನೋಟಿಸ್ ಬೋರ್ಡಿನಲ್ಲಿ ಹೆಸರಿನ ಮುಂದೆ ಮೊತ್ತ ಹಾಕುವುದೂ ಇದೇ ತಪ್ಪು. ಬಹುಮಾನದ ಸಾಮಾನಿಗೆ ಹೋಗುವ ದುಡ್ಡು ಕೂಡ ದಾನಿಗಳು ಕೊಟ್ಟದ್ದೇ ಎಂಬುದನ್ನು ಸಮಿತಿಗೆ ನೆನಪಿಸಿ.

ಮೂರು ನಿಯಮ ಇಟ್ಟುಕೊಳ್ಳಿ. ದೇಣಿಗೆ ತಂದಿರಲಿ ಬಿಡಲಿ, ಎಲ್ಲ ಮಕ್ಕಳೂ ಓಡುತ್ತಾರೆ, ಎಲ್ಲರಿಗೂ ಒಂದೇ ಪಟ್ಟಿ, ಒಂದೇ ಪದಕ ಅಥವಾ ಯಾರಿಗೂ ಇಲ್ಲ. ಗುರಿ ಶಾಲೆಯದು, ಮಗುವಿನದಲ್ಲ. ‘ಪ್ರತಿಯೊಬ್ಬರೂ ಕನಿಷ್ಠ ಇಷ್ಟು’ ಎಂಬ ಸಾಲು ಸುತ್ತೋಲೆಯಲ್ಲಿ ಬರಕೂಡದು. ಲಕೋಟೆಗಳನ್ನು ತರಗತಿಯಲ್ಲಿ ಎಲ್ಲರೆದುರು ಪಡೆಯಬೇಡಿ, ಕಚೇರಿಯಲ್ಲಿ ಬೀಗದ ಪೆಟ್ಟಿಗೆ ಇಡಿ, ಖಾಲಿ ಲಕೋಟೆಯೂ ಅದರೊಳಗೇ ಬೀಳಲಿ. ಹುರುಪಿಗೆ ಏನಾದರೂ ಬೇಕೆಂದರೆ ಇಡೀ ಶಾಲೆ ಸೇರಿ ಓಡಿದ ಕಿಲೋಮೀಟರುಗಳನ್ನು ಕೂಡಿಸಿ ಒಂದು ನಕ್ಷೆಯ ಮೇಲೆ ಗೆರೆ ಎಳೆಯಿರಿ: ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿದೆವು ಎಂದು. 320 ಮಕ್ಕಳು ತಲಾ ಮೂರು ಕಿ.ಮೀ. ಓಡಿದರೆ 960 ಕಿ.ಮೀ. ಆಗುತ್ತದೆ. ಆ ಸಂಖ್ಯೆಯಲ್ಲಿ ಕೊನೆಯಲ್ಲಿ ನಡೆದು ಬಂದವನ ಪಾಲೂ ಇದೆ.

ಪೈಪೋಟಿಯಿಲ್ಲದೆ ಹಣ ಬರುವುದಿಲ್ಲ ಎನ್ನುವವರಿಗೆ ಕೆನಡಾದ ಟೆರ್ರಿ ಫಾಕ್ಸ್ ಓಟದ ಉದಾಹರಣೆ ಕೊಡಿ. ಕ್ಯಾನ್ಸರಿಗೆ ಒಂದು ಕಾಲು ಕಳೆದುಕೊಂಡಿದ್ದ ಆ ಯುವಕ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿ.ಮೀ. ಓಡಿದ. ಅವನ ಹೆಸರಿನ ಓಟ 1981ರಲ್ಲಿ ಶುರುವಾಯಿತು. ಅಲ್ಲಿ ಗೆದ್ದವರು ಸೋತವರು ಎಂಬುದಿಲ್ಲ. ಶಾಲಾ ಮಕ್ಕಳು ಇಂದಿಗೂ ಅದರಲ್ಲಿ ಓಡುತ್ತಾರೆ, ನಡೆಯುತ್ತಾರೆ, ಹಣವೂ ಬರುತ್ತಿದೆ.

ಬಿಸಿಲಿನ ದಿನ ನೀರು, ಪ್ರಥಮ ಚಿಕಿತ್ಸೆಗೆ ಏನೆಲ್ಲ ಸಿದ್ಧತೆ ಬೇಕು?
– ಓಟದ ಹೊಣೆ ಹೊತ್ತ ಶಿಕ್ಷಕಿ

ನೀರಿನ ಲೆಕ್ಕ ಸುಲಭ: ಓಟಕ್ಕೆ ಮೊದಲು ಒಂದು ಲೋಟ, ಮುಗಿದ ಮೇಲೆ ಒಂದು. ತಲಾ 250 ಮಿ.ಲೀ.ನಂತೆ 320 ಮಕ್ಕಳಿಗೆ 160 ಲೀಟರು, ಸ್ವಯಂಸೇವಕರಿಗೂ ಚೆಲ್ಲುವುದಕ್ಕೂ ಸೇರಿ 200 ಲೀಟರು ಇರಲಿ. ನೀರಿನ ಮೇಜು ದಾರಿಯ ಹೊರಬದಿಯಲ್ಲಿ, ಎಣಿಕೆಯ ಪಟ್ಟಿ ದಾಟಿ 15–20 ಮೀ. ಮುಂದೆ ಇರಬೇಕು. ಒಳಬದಿಯಲ್ಲಿಟ್ಟರೆ ಮಕ್ಕಳು ಓಡುವವರ ನಡುವೆ ಅಡ್ಡ ಹಾಯುತ್ತಾರೆ. ಚೆಲ್ಲಿದ ನೀರಿನಿಂದ ದಾರಿ ಕೆಸರಾಗದಂತೆ ಮೇಜು ಅಂಚಿನಿಂದ ಮೂರು ಮೀಟರು ದೂರವಿರಲಿ. ಅರ್ಧ ಗಂಟೆಯ ಓಟಕ್ಕೆ ನೀರೇ ಸಾಕು, ಶಕ್ತಿ ಪಾನೀಯ ಬೇಕಿಲ್ಲ.

ಬಿಸಿಲಿನಲ್ಲಿ ನೀರಿಗಿಂತ ಮುಖ್ಯವಾದದ್ದು ಸಮಯ. ಓಟವನ್ನು ಬೆಳಗಿಗೆ ತನ್ನಿ, ಹೊತ್ತೇರುವ ಮೊದಲು ಕೊನೆಯ ಬ್ಯಾಚು ಮುಗಿಯಬೇಕು. ಸರದಿ ಕಾಯುವವರು ನೆರಳಿನಲ್ಲಿ ಕಾಯಲಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಮೋಡವಿದೆ ಎಂದು ಅಂಥ ದಿನವನ್ನು ಹಗುರವಾಗಿ ಕಾಣಬೇಡಿ. ಸಂದೇಹ ಬಂದರೆ 30 ನಿಮಿಷವನ್ನು 15 ಮಾಡಿ. ದೇಣಿಗೆ ಇಡಿಗಂಟಾಗಿದ್ದರೆ ಹೀಗೆ ಕಡಿತ ಮಾಡಲು ಯಾರ ಒಪ್ಪಿಗೆಯೂ ಬೇಕಾಗುವುದಿಲ್ಲ ಎಂಬುದು ಇನ್ನೊಂದು ಲಾಭ.

ತಲೆನೋವು, ಓಕರಿಕೆ, ಸುಸ್ತು, ವಿಪರೀತ ಬೆವರು ಕಂಡರೆ ನೆರಳಿಗೆ ಕರೆತಂದು ಮಲಗಿಸಿ, ಕಾಲು ಸ್ವಲ್ಪ ಎತ್ತರಿಸಿ, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿ, ಗುಟುಕು ಗುಟುಕಾಗಿ ನೀರು ಕೊಡಿ. ಮಗು ಅಸಂಬದ್ಧ ಮಾತಾಡಿದರೆ, ತೂರಾಡಿದರೆ, ಪ್ರಜ್ಞೆ ಮಂಕಾದರೆ ಅದು ಬಿಸಿಲಾಘಾತ. ಮೈ ಬೆವರುತ್ತಿದೆಯಲ್ಲ ಎಂದು ಸಮಾಧಾನಪಡಬೇಡಿ, ಓಟದಿಂದ ಬರುವ ಬಿಸಿಲಾಘಾತದಲ್ಲಿ ಬೆವರು ಇರುತ್ತದೆ. ಒಬ್ಬರು ಆಂಬುಲೆನ್ಸಿಗೆ ಕರೆ ಮಾಡುತ್ತಿರುವಾಗಲೇ ಉಳಿದವರು ತಣ್ಣೀರಿನಲ್ಲಿ ಕೂರಿಸಿ ಇಲ್ಲವೇ ಮೈತುಂಬ ಸುರಿದು ತಣಿಸಲು ಶುರು ಮಾಡಬೇಕು. ಆಗ ಬಾಯಿಗೆ ಏನೂ ಹಾಕಬಾರದು. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು. ಇದಕ್ಕಾಗಿ ಮಗು ಕೂರುವಷ್ಟು ದೊಡ್ಡ ಟಬ್ಬು, ಮಂಜುಗಡ್ಡೆ ಹತ್ತಿರದಲ್ಲೇ ಸಿದ್ಧವಿರಲಿ.

ಎದೆಬಡಿತದ ವಿಚಾರವನ್ನು ಫಾರಂನಲ್ಲೇ ಕೇಳಿಬಿಡಿ: ಓಡುವಾಗ ಎಂದಾದರೂ ಎಚ್ಚರ ತಪ್ಪಿದೆಯೇ, ಎದೆನೋವು ಬಂದಿದೆಯೇ, ಮನೆಯಲ್ಲಿ ಯಾರಾದರೂ ಐವತ್ತರೊಳಗೆ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ? ಹೌದು ಎಂದವರು ವೈದ್ಯರ ಒಪ್ಪಿಗೆ ತರಲಿ. ಕುಸಿದುಬಿದ್ದ ಮಗು ಸ್ಪಂದಿಸದೆ, ಸರಿಯಾಗಿ ಉಸಿರಾಡದೆ ಇದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು, ಜೊತೆಗೆ ಉಸಿರು ಕೊಡಬೇಕು. ಇದನ್ನು ಬಲ್ಲ ಇಬ್ಬರಾದರೂ ಮೈದಾನದಲ್ಲಿರಲಿ. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಶಾಲೆಯಲ್ಲಿದ್ದರೆ ಅದೂ ಅಲ್ಲೇ ಇರಲಿ, ಬೀಗ ಹಾಕಿದ ಕೋಣೆಯಲ್ಲಲ್ಲ. ಆಂಬುಲೆನ್ಸ್ ಯಾವ ಗೇಟಿನಿಂದ ಬರಬೇಕು, ಆ ಗೇಟಿನ ಮುಂದೆ ಪೋಷಕರ ವಾಹನ ನಿಲ್ಲದಂತೆ ನೋಡುವವರು ಯಾರು ಎಂಬುದನ್ನು ಹಿಂದಿನ ದಿನವೇ ಗೊತ್ತುಮಾಡಿ. ಬಹಳ ಕಡೆ ಎಲ್ಲ ಸಿದ್ಧತೆ ಇದ್ದೂ ಇದೊಂದು ತಪ್ಪಿಹೋಗಿರುತ್ತದೆ.

ನನ್ನ ಮಗಳು ಗಾಲಿಕುರ್ಚಿ ಬಳಸುತ್ತಾಳೆ. ‘ಅಂದು ಅವಳು ಚಪ್ಪಾಳೆ ತಟ್ಟಲಿ’ ಎಂದು ಶಾಲೆ ಹೇಳಿದೆ.
– ಒಬ್ಬ ತಂದೆ

ಅವಳು ಚಪ್ಪಾಳೆ ತಟ್ಟುವುದಾದರೆ ತನ್ನ ಸರದಿ ಮುಗಿಸಿ ತಟ್ಟಲಿ. ಹುಲ್ಲು, ಸಡಿಲ ಮಣ್ಣಿನ ಮೇಲೆ ಕುರ್ಚಿ ತಳ್ಳುವುದು ಕಷ್ಟ ಎಂಬುದು ನಿಜ. ಹಾಗಾಗಿ ಕಾಂಕ್ರೀಟಿನ ಅಂಗಳದಲ್ಲೋ ಶಾಲೆಯ ಒಳರಸ್ತೆಯಲ್ಲೋ 50 ಅಥವಾ 100 ಮೀ. ಸುತ್ತು ಗುರುತಿಸಲು ಕೇಳಿ, ಮೈದಾನ ಕಣ್ಣಿಗೆ ಬೀಳುವ ಜಾಗವಾದರೆ ಒಳ್ಳೆಯದು. ಅವಳೊಬ್ಬಳನ್ನೇ ಅಲ್ಲಿ ಬಿಡಬಾರದು, ಅವಳ ಗೆಳತಿಯರ ಒಂದು ಗುಂಪು ಅದೇ ಸುತ್ತಿನಲ್ಲಿ ಓಡಲಿ. ಅವಳ ಸುತ್ತು ತರಗತಿಯ ಬಕೆಟ್ಟಿಗೇ ಸೇರಲಿ. ಗಾಲಿಯ ಗಾಳಿ, ಬ್ರೇಕು ಹಿಂದಿನ ದಿನ ನೋಡಿ, ಅಂಗೈ ಕಿತ್ತು ಬರದಂತೆ ಕೈಗವಸು ಕೊಡಿ. ಮೈದಾನದಲ್ಲೇ ಹೋಗುತ್ತೇನೆ ಎಂದರೆ ನೂಕುನುಗ್ಗಲು ಕಡಿಮೆಯಾಗುವ ಮೂರನೇ ನಿಮಿಷದಿಂದ, ಹೊರ ಅಂಚಿನಲ್ಲಿ ಬಿಡಬಹುದು. ದೃಷ್ಟಿದೋಷವಿರುವ ಮಗುವಾದರೆ ಅರ್ಧ ಮೀಟರಿನ ಮೃದು ಹಗ್ಗದ ಒಂದೊಂದು ತುದಿ ಹಿಡಿದು ಜೊತೆಗಾರನೊಬ್ಬ ಓಡಬೇಕು. ಜೊತೆಗಾರ ಎಳೆಯಬಾರದು, ಪಕ್ಕದಲ್ಲಿ ಇರಬೇಕು, ತಿರುವು ಬರುವ ಮೊದಲು ಬಾಯಲ್ಲಿ ಹೇಳಬೇಕು.

ಹಣದ ಲೆಕ್ಕ ನನ್ನ ಪಾಲಿಗೆ ಬಂದಿದೆ. ಎಲ್ಲವನ್ನೂ ನಡೆಸಿಕೊಡುತ್ತೇವೆ ಎಂದು ಹೊರಗಿನ ಸಂಸ್ಥೆಯೊಂದು ಮುಂದೆ ಬಂದಿದೆ. ಒಪ್ಪಬಹುದೇ?
– ಸಮಿತಿಯ ಖಜಾಂಚಿ

ಸಂಸ್ಥೆಯನ್ನು ಮೂರು ಪ್ರಶ್ನೆ ಕೇಳಿ, ಉತ್ತರ ಬರಹದಲ್ಲೇ ಬೇಕೆನ್ನಿ. ಸಂಗ್ರಹವಾದ ಪ್ರತಿ 100ರಲ್ಲಿ ಶಾಲೆಗೆ ಉಳಿಯುವುದು ಎಷ್ಟು? ಆನ್‌ಲೈನ್ ಪಾವತಿಯ ಶುಲ್ಕ ಆ ಲೆಕ್ಕದ ಒಳಗೋ ಹೊರಗೋ? ಮಕ್ಕಳ ಹೆಸರು, ಪೋಷಕರ ಫೋನ್ ನಂಬರು ಓಟ ಮುಗಿದ ಮೇಲೆ ಏನಾಗುತ್ತವೆ? ಮೂರನೆಯದಕ್ಕೆ ನೇರ ಉತ್ತರ ಬರದಿದ್ದರೆ ಮೊದಲೆರಡು ಎಷ್ಟೇ ಚೆನ್ನಾಗಿದ್ದರೂ ಬೇಡ. ಟೇಪು, ಕೋನ್, ಸೀಟಿ, ಆರು ಜನ ಎಣಿಸುವವರು ಇದ್ದರೆ ಓಟ ನಡೆಸಲು ಹೊರಗಿನವರು ಬೇಕಾಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಪೋಷಕರು ಯಾರೂ ಬಿಡುವಾಗಿಲ್ಲದ ಶಾಲೆಗೆ ಮಾತ್ರ ಆ ಖರ್ಚು ಸಮರ್ಥನೀಯ.

ನೀವೇ ನಡೆಸುವುದಾದರೆ ಲಕೋಟೆಗಳಿಗೆ ಕ್ರಮಸಂಖ್ಯೆ ಹಾಕಿ, ಯಾವ ಸಂಖ್ಯೆ ಯಾವ ಮಗುವಿಗೆ ಎಂಬ ಪಟ್ಟಿ ಬೇರೆಯಾಗಿ ಇಟ್ಟುಕೊಳ್ಳಿ. ನಗದನ್ನು ಎಂದೂ ಒಬ್ಬರೇ ಎಣಿಸಬೇಡಿ. ಇಬ್ಬರು, ಅದರಲ್ಲೂ ಒಂದೇ ಮನೆಯವರಲ್ಲದ ಇಬ್ಬರು, ಎಣಿಸಿ ಇಬ್ಬರೂ ಸಹಿ ಹಾಕಬೇಕು. ಇದು ನಿಮ್ಮ ಮೇಲಿನ ಅಪನಂಬಿಕೆಯಲ್ಲ, ನಾಳೆ ಮಾತು ಬಂದರೆ ನಿಮಗೇ ರಕ್ಷಣೆ. ಹಣ ಅಂದೇ ಅಥವಾ ಮರುದಿನ ಶಾಲೆಯ ಖಾತೆಗೆ ಹೋಗಲಿ. ಯಾರ ಮನೆಯಲ್ಲೂ ಇರಕೂಡದು, ಯಾರ ಸ್ವಂತ ಖಾತೆಗೂ ಬರಕೂಡದು. ಬಂದ ಹಣದಲ್ಲೇ ನೀರಿನ ಬಿಲ್ಲು ತೀರಿಸಿ ಉಳಿದದ್ದನ್ನು ಜಮಾ ಮಾಡುವ ಅಭ್ಯಾಸ ಲೆಕ್ಕವನ್ನೆಲ್ಲ ಕದಡುತ್ತದೆ: ಪೂರ್ತಿ ಜಮಾ ಮಾಡಿ, ಖರ್ಚಿಗೆ ಬೇರೆಯಾಗಿ ತೆಗೆಯಿರಿ. ಸುತ್ತಿನ ಲೆಕ್ಕದ ದೇಣಿಗೆಗಳಿಗೆ ಓಟವಾದ ಮೇಲೆ ಹತ್ತು ದಿನದ ಗಡುವು ಕೊಡಿ, ಒಂದೇ ಒಂದು ಸಲ ನೆನಪಿಸಿ, ಆಮೇಲೂ ಬಾರದಿದ್ದರೆ ಬಿಟ್ಟುಬಿಡಿ. ಬಾಕಿಗಾಗಿ ಮಗುವಿನ ಕೈಯಲ್ಲಿ ಚೀಟಿ ಕಳಿಸಬೇಡಿ. ತಿಂಗಳೊಳಗೆ ನಾಲ್ಕು ಸಾಲಿನ ಲೆಕ್ಕ ಎಲ್ಲ ಮನೆಗೂ ಹೋಗಲಿ: ಬಂದದ್ದು, ಖರ್ಚಾದದ್ದು, ಉಳಿದದ್ದು, ಅದರಿಂದ ಏನು ಕೊಳ್ಳುತ್ತೇವೆ ಮತ್ತು ಯಾವಾಗ.

ಮೊಮ್ಮಗನ ಓಟಕ್ಕೆ ದೇಣಿಗೆ ಕೊಡಿ ಎಂದು ಮೊಬೈಲಿಗೆ ಲಿಂಕ್ ಬಂದಿದೆ. ನಂಬಬಹುದೇ?
– ಒಬ್ಬ ಅಜ್ಜ

ಲಿಂಕನ್ನು ಒತ್ತುವ ಮೊದಲು ಮಗನಿಗೋ ಸೊಸೆಗೋ ಫೋನ್ ಮಾಡಿ ಕೇಳಿ. ಹಣ ಹೋಗುವ ಖಾತೆ ಶಾಲೆಯ ಹೆಸರಿನಲ್ಲಿರಬೇಕು, ವ್ಯಕ್ತಿಯ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸಿ. ಹಣ ಕೊಡುವುದಕ್ಕೆ ಒಟಿಪಿಯನ್ನು ಯಾರಿಗೂ ಫೋನಿನಲ್ಲಿ ಹೇಳಬೇಕಾದ ಅಗತ್ಯ ಬರುವುದೇ ಇಲ್ಲ. ಇನ್ನೊಂದು ವಿಷಯ: ಆ ಪುಟದಲ್ಲಿ ಮೊಮ್ಮಗನ ಪೂರ್ತಿ ಹೆಸರು, ಫೋಟೊ, ಶಾಲೆ, ತರಗತಿ ಎಲ್ಲವೂ ಕಾಣುತ್ತಿದ್ದರೆ ಅದನ್ನು ಹತ್ತಾರು ಗುಂಪುಗಳಿಗೆ ಹಂಚಬೇಡಿ, ಮೊದಲ ಹೆಸರು ಮಾತ್ರ ಉಳಿಸಲು ಶಾಲೆಗೆ ಹೇಳಿ. ಮಕ್ಕಳು ಗುರುತಿಲ್ಲದವರ ಬಾಗಿಲು ತಟ್ಟಿ ದೇಣಿಗೆ ಕೇಳುವುದೂ ಬೇಡ. ಪರಿಚಯದವರ ಮನೆಗೆ ಹೋಗುವುದಾದರೂ ದೊಡ್ಡವರೊಬ್ಬರು ಜೊತೆಗಿರಲಿ.

ಅಂದು ಮಳೆ ಬಂದರೆ?
– ಹಲವರು

ತುಂತುರು ಮಳೆಯಲ್ಲಿ ಓಡಬಹುದು, ಹುಲ್ಲು ಜಾರುವಷ್ಟು ಒದ್ದೆಯಾಗಿದ್ದರೆ ಬೇಡ. ಗುಡುಗು ಕೇಳಿಸಿತೆಂದರೆ ಎಲ್ಲರೂ ಕಟ್ಟಡದೊಳಗೆ, ಮರದ ಕೆಳಗೂ ಅಲ್ಲ ಪೆಂಡಾಲಿನ ಕೆಳಗೂ ಅಲ್ಲ. ಕೊನೆಯ ಗುಡುಗಾಗಿ 30 ನಿಮಿಷ ಕಳೆಯುವವರೆಗೆ ಹೊರಗೆ ಬಿಡಬಾರದು. ಬದಲಿ ದಿನಾಂಕವನ್ನು ಮೊದಲ ಸುತ್ತೋಲೆಯಲ್ಲೇ ಅಚ್ಚು ಹಾಕಿಸಿ. ಓಟವೇ ರದ್ದಾದರೆ ದೇಣಿಗೆ ಶಾಲೆಗೇ ಉಳಿಯುತ್ತದೆಯೋ ಹಿಂದಿರುಗುತ್ತದೆಯೋ ಎಂಬ ಒಂದು ಸಾಲನ್ನೂ ಅದರಲ್ಲಿ ಸೇರಿಸಿ.